ಐ-94 ಮುಗಿದ ಮೇಲೂ ಅಮೆರಿಕದಲ್ಲೇ ಇದ್ದೆ, ಗ್ರೀನ್ ಕಾರ್ಡ್ ಸಿಗುತ್ತದೆಯೇ?

ಪ್ರಶ್ನೆ: ನಾನು ಮೈಸೂರಿನವನು. ಡಾಲಸ್‌ನಲ್ಲಿ ಎಚ್‌-1ಬಿ (ಉದ್ಯೋಗ ವೀಸಾ) ಮೇಲೆ ಕೆಲಸ ಮಾಡುತ್ತಿದ್ದೇನೆ. ವರ್ಷಗಟ್ಟಲೆ ಕಾದ ಮೇಲೆ ನನ್ನ ಇಬಿ-2 (ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಗ) ಪ್ರಯಾರಿಟಿ ಡೇಟ್ ಈಗ ಕರೆಂಟ್ ಆಗುವ ಹಾಗಿದೆ, ಅಂದರೆ ನನ್ನ ಸರದಿ ಬರುವ ಹಾಗಿದೆ. ಗ್ರೀನ್ ಕಾರ್ಡ್ ಅರ್ಜಿಯಾದ ಐ-485 ಹಾಕಲು ಹಳೇ ಕಾಗದ ತೆಗೆದು ನೋಡಿದರೆ ಎದೆ ಧಸಕ್ಕೆಂದಿತು. ನನ್ನ ಐ-797 (ಎಚ್‌-1ಬಿ ಮಂಜೂರಾತಿ ಪತ್ರ) ಇದ್ದದ್ದು 2024ರ ಸೆಪ್ಟೆಂಬರ್‌ವರೆಗೆ. ಆದರೆ 2021ರಲ್ಲಿ ಊರಿಂದ ಬಂದಾಗ ಏರ್‌ಪೋರ್ಟ್‌ನಲ್ಲಿ ಐ-94 (ಯಾವ ದಿನದವರೆಗೆ ಇರಬಹುದು ಎಂಬ ಪ್ರವೇಶ ದಾಖಲೆ) ಕೊಟ್ಟಿದ್ದು ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ, ಅಂದರೆ 2023ರ ಜೂನ್ 10ರವರೆಗೆ. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದೆ, ಐ-94 ನೋಡಲೇ ಇಲ್ಲ. ಕೆಲಸ ಮಾಡುತ್ತಲೇ ಇದ್ದೆ. ಆ ವರ್ಷ ಸೆಪ್ಟೆಂಬರ್ 20ಕ್ಕೆ ಊರಿಗೆ ಹೊರಟು, ಚೆನ್ನೈನಲ್ಲಿ ಪಾಸ್‌ಪೋರ್ಟ್‌ಗೆ ಹೊಸ ವೀಸಾ ಸ್ಟಾಂಪಿಂಗ್ ಮಾಡಿಸಿ ಬಂದೆ. ಆಗಿನ ಡಿಎಸ್‌-160 ವೀಸಾ ಅರ್ಜಿಯಲ್ಲಿ ‘ಅವಧಿ ಮೀರಿ ಉಳಿದಿದ್ದೀರಾ’ ಎಂಬುದಕ್ಕೆ ‘ಇಲ್ಲ’ ಎಂದಿದ್ದೇನೆ. ಇನ್ನು ನನ್ನ ಹೆಂಡತಿಯ ಐ-94 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಅವಳ ಎಚ್‌-4 (ಎಚ್‌-1ಬಿ ಇರುವವರ ಸಂಗಾತಿಯ ವೀಸಾ) ವಿಸ್ತರಣೆ ಮರೆತುಹೋಗಿ, ಅದರ ಅರ್ಜಿ ಐ-539 ಹಾಕಿದ್ದು ನವೆಂಬರ್ 20ಕ್ಕೆ. 2025ರ ಫೆಬ್ರವರಿ 15ಕ್ಕೆ ಮಂಜೂರಾಯಿತು. ಆಮೇಲೆ ಅವಳು ದೇಶ ಬಿಟ್ಟು ಹೋಗಿಲ್ಲ. ನಮ್ಮ ಗತಿ ಏನು?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದಿರುವ ದಿನಾಂಕಗಳು ಸರಿಯಿದ್ದರೆ ಈ ಅಂತರಗಳಿಂದಲೇ ನಿಮ್ಮಿಬ್ಬರ ದಾರಿ ಮುಚ್ಚುವುದಿಲ್ಲ. ಆದರೆ ನಿಮ್ಮ ಲೆಕ್ಕ ಬೇರೆ, ನಿಮ್ಮ ಪತ್ನಿಯವರ ಲೆಕ್ಕ ಬೇರೆ. ಎರಡನ್ನೂ ಬೇರೆಬೇರೆಯಾಗಿ ನೋಡೋಣ.

ಕಂಪನಿಯ ಮೂಲಕ ಇಬಿ-1, ಇಬಿ-2, ಇಬಿ-3ರಲ್ಲಿ ಅರ್ಜಿ ಹಾಕುವವರಿಗೆ ವಲಸೆ ಕಾನೂನಿನ 245(ಕೆ) ಕಲಂ ಒಂದು ರಿಯಾಯಿತಿ ಕೊಡುತ್ತದೆ. ಸ್ಟೇಟಸ್ (ಕಾನೂನುಬದ್ಧವಾಗಿ ಉಳಿಯುವ ಸ್ಥಾನಮಾನ) ಇಲ್ಲದೆ ಕಳೆದ ದಿನಗಳು, ಅನುಮತಿಯಿಲ್ಲದೆ ಕೆಲಸ ಮಾಡಿದ ದಿನಗಳು ಎಲ್ಲ ಸೇರಿ 180 ದಾಟಬಾರದು. ದಾಟದಿದ್ದರೆ ಅರ್ಜಿ ತಡೆಯುವುದಿಲ್ಲ. ಒಂದೇ ದಿನ ಎರಡೂ ತಪ್ಪು ಆಗಿದ್ದರೆ ಅದು ಒಂದೇ ದಿನದ ಲೆಕ್ಕ. ಎಣಿಕೆ ಶುರುವಾಗುವುದು ನೀವು ಕೊನೆಯ ಬಾರಿ ಕಾನೂನುಬದ್ಧವಾಗಿ ಒಳಗೆ ಬಂದ ದಿನದಿಂದ. ಜನ ಜಾಸ್ತಿ ಎಡವುವುದು ಇಲ್ಲೇ. ಹತ್ತು ವರ್ಷದ ಹಿಂದಿನದನ್ನೆಲ್ಲ ಕೂಡಿಸಿ ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ನಿಮ್ಮ ವಿಷಯದಲ್ಲಿ ಜೂನ್ 11ರಿಂದ ಸೆಪ್ಟೆಂಬರ್ 20ರವರೆಗೆ 102 ದಿನ. ಅದು ಕೊನೆಯ ಪ್ರವೇಶಕ್ಕಿಂತ ಹಿಂದಿನದು, ಹಾಗಾಗಿ 245(ಕೆ) ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನೊಂದು ಭಯ ಮೂರು ವರ್ಷದ ನಿಷೇಧದ್ದು. ಅದು 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಉಳಿದು ಹೊರಗೆ ಹೋದವರಿಗೆ ಮಾತ್ರ. ನಿಮಗೆ ತಾಗುವುದಿಲ್ಲ. ನೀವು ಹೊಸ ಸ್ಟಾಂಪಿಂಗ್ ಮಾಡಿಸಿ ಬಂದದ್ದೂ ಒಳ್ಳೆಯದಾಯಿತು. ಐ-94 ಮೀರಿ ಉಳಿದರೆ ಪಾಸ್‌ಪೋರ್ಟ್‌ನಲ್ಲಿರುವ ಹಳೇ ವೀಸಾ ತಾನಾಗಿಯೇ ರದ್ದಾಗುತ್ತದೆ. ಅದೇ ಸ್ಟಾಂಪ್ ಹಿಡಿದು ವಾಪಸ್ ಬಂದಿದ್ದರೆ ವಿಷಯ ಗೋಜಲಾಗುತ್ತಿತ್ತು.

ನನಗೆ ನಿಜವಾಗಿ ಚಿಂತೆಯಿರುವುದು ಆ ‘ಇಲ್ಲ’ ಎಂಬ ಉತ್ತರದ ಬಗ್ಗೆ. ವೀಸಾಕ್ಕಾಗಿ ಬೇಕೆಂದೇ ಸುಳ್ಳು ಹೇಳಿದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ನಿಮಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೊಟ್ಟ ತಪ್ಪು ಉತ್ತರ ಬೇಕೆಂದೇ ಹೇಳಿದ ಸುಳ್ಳಲ್ಲ. ಆದರೆ ಈಗ ಗೊತ್ತಾಗಿದೆ ಅಲ್ವಾ? ಐ-485ರಲ್ಲಿ ‘ಸ್ಟೇಟಸ್ ನಿಯಮ ಎಂದಾದರೂ ಮುರಿದಿದ್ದೀರಾ’, ‘ಅನುಮತಿಯಿಲ್ಲದೆ ಕೆಲಸ ಮಾಡಿದ್ದೀರಾ’ ಎಂಬ ಪ್ರಶ್ನೆಗಳು ಬರುತ್ತವೆ. ಎರಡಕ್ಕೂ ‘ಹೌದು’ ಎನ್ನಿ. ‘ಎಂದಾದರೂ’ ಎಂದು ಕೇಳಿರುವುದರಿಂದ ಹಿಂದಿನ ಪ್ರವೇಶದ್ದೂ ಅದರಲ್ಲಿ ಸೇರುತ್ತದೆ. ಜೊತೆಗೆ ಒಂದು ಪುಟದ ವಿವರಣೆ ಇಡಿ: ಐ-94 ಯಾಕೆ ಬೇಗ ಮುಗಿಯಿತು, ನಿಮಗೆ ಯಾವಾಗ ತಿಳಿಯಿತು, ಡಿಎಸ್‌-160ರಲ್ಲಿ ಯಾಕೆ ಹಾಗೆ ಬರೆದಿರಿ. ಹಳೇ ಪಾಸ್‌ಪೋರ್ಟ್, ಎರಡೂ ಐ-94, ಐ-797, ಆ ತಿಂಗಳುಗಳ ಸಂಬಳದ ಚೀಟಿ ಲಗತ್ತಿಸಿ. ‘ಯಾರಿಗೂ ಕಾಣಲ್ಲ ಬಿಡಿ’ ಎನ್ನುವ ಗೆಳೆಯರ ಮಾತು ದಯವಿಟ್ಟು ಕೇಳಬೇಡಿ. ನಿಮ್ಮ ಪ್ರವೇಶದ ದಿನಾಂಕಗಳೆಲ್ಲ ಸರ್ಕಾರದ ಬಳಿಯೇ ಇವೆ.

ಈಗ ನಿಮ್ಮ ಪತ್ನಿಯವರ ವಿಷಯ. ನನ್ನ ಪ್ರಕಾರ ಜಾಸ್ತಿ ಎಚ್ಚರ ಬೇಕಾಗಿರುವುದು ಅವರಿಗೇ. ಅವರು ಹೊರಗೆ ಹೋಗಿಲ್ಲ, ಆದ್ದರಿಂದ ಅವರ ಅಂತರ ಕೊನೆಯ ಪ್ರವೇಶದ ನಂತರದ್ದು. ಅಕ್ಟೋಬರ್ 1ರಿಂದ ನವೆಂಬರ್ 20ರವರೆಗೆ, 50 ದಿನ ಚಿಲ್ಲರೆ ಎಂದು ನೀವು ಅಂದುಕೊಂಡಿರಬಹುದು. ಆದರೆ ತಡವಾಗಿ ಹಾಕಿದ ಅರ್ಜಿ ಬಾಕಿಯಿರುವಾಗಲೂ ದಿನಗಳು ಓಡುತ್ತವೆ. ಮಂಜೂರಾತಿ ಪತ್ರದಲ್ಲಿ ಎಚ್‌-4 ಯಾವ ದಿನದಿಂದ ಜಾರಿ ಎಂದಿದೆ ನೋಡಿ. ಅಕ್ಟೋಬರ್ 1ರಿಂದ ಎಂದಿದ್ದರೆ ತಡವನ್ನು ಮನ್ನಿಸಿ ಹಿಂದಿನಿಂದಲೇ ಕೊಟ್ಟಿದ್ದಾರೆ, ಅಂತರವೇ ಇಲ್ಲ. ಫೆಬ್ರವರಿ 15ರಿಂದ ಎಂದಿದ್ದರೆ 137 ದಿನ ಹೋಗಿದೆ. ಉಳಿದಿರುವುದು 43. ಅರ್ಜಿ ತಡೆಯುವುದಿಲ್ಲ, ಆದರೆ ಇನ್ನೊಂದು ಮರೆವಿಗೆ ಜಾಗವಿಲ್ಲ.

ಅವರು ಒಮ್ಮೆ ಊರಿಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ, ನಿಜ. ಆದರೆ ಹೊಸ ಸ್ಟಾಂಪಿಂಗ್ ಬೇಕಾಗಬಹುದು. ಅದಕ್ಕೆಂದು ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕಾಗಿ ಬಂದವರಿದ್ದಾರೆ. ಡೇಟ್ ಕರೆಂಟ್ ಆಗುವ ಹೊತ್ತಿಗೆ ಅವರು ಅಮೆರಿಕದಲ್ಲಿ ಇಲ್ಲದಿದ್ದರೆ ಐ-485 ಹಾಕಲಾಗುವುದಿಲ್ಲ. 43 ದಿನ ಕೈಯಲ್ಲಿರುವಾಗ ಆ ಸಾಹಸ ಬೇಡ ಎಂಬುದು ನನ್ನ ಅಭಿಪ್ರಾಯ.

ಕಂಪನಿಯ ವಕೀಲರಿಗೆ ಇದೆಲ್ಲ ಹೇಳಿ. ಆದರೆ ಅವರು ಕಂಪನಿಯ ಪರವಾಗಿಯೂ ಕೆಲಸ ಮಾಡುವವರು. ಅರ್ಜಿಗೆ ಸಹಿ ಹಾಕುವ ಮೊದಲು ನಿಮ್ಮದೇ ಖರ್ಚಿನಲ್ಲಿ ಬೇರೊಬ್ಬ ವಲಸೆ ವಕೀಲರಿಗೆ ತೋರಿಸಿ. ಆ ವಿವರಣೆಯ ಪುಟವನ್ನಂತೂ ಅವರ ಕಣ್ಣಿಗೆ ಬೀಳದೆ ಕಳಿಸಬೇಡಿ.

ಐ-485 ಸ್ವೀಕಾರವಾದ ಮೇಲೆ ಸ್ಟೇಟಸ್ ಇಲ್ಲದ ದಿನಗಳ ಎಣಿಕೆ ನಿಲ್ಲುತ್ತದೆ. ಅನುಮತಿಯಿಲ್ಲದ ಕೆಲಸದ ಎಣಿಕೆ ಮಾತ್ರ ನಿಲ್ಲುವುದಿಲ್ಲ. ನಿಮ್ಮ ಪತ್ನಿಯವರಿಗೆ ಇಎಡಿ (ಕೆಲಸದ ಅನುಮತಿ ಪತ್ರ) ಇಲ್ಲದಿದ್ದರೆ, ಅದು ಕೈಗೆ ಬರುವ ತನಕ ಮನೆಯಿಂದಲೇ ಮಾಡುವ ಸಣ್ಣಪುಟ್ಟ ಸಂಬಳದ ಕೆಲಸವನ್ನೂ ಅವರು ಒಪ್ಪಿಕೊಳ್ಳಬಾರದು.