8 ತಿಂಗಳ ಮಗುವಿಗೆ ದೊಡ್ಡಪತ್ರೆ ರಸ, ಜೇನುತುಪ್ಪ?

ನೆಗಡಿಯಾದ ಇಬ್ಬರು ಮಕ್ಕಳಿಗೂ ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ಕೊಡಬಹುದೇ ಎಂದು ಕೇಳಿದ್ದೀರಿ. 8 ತಿಂಗಳ ಕೂಸಿಗೆ ದಯವಿಟ್ಟು ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಬೆಳೆದು, ಸ್ನಾಯುಗಳ ಶಕ್ತಿ ಕುಂದಿಸುವ ವಿಷ ಉಂಟುಮಾಡುತ್ತವೆ. ಕುದಿಸಿದರೂ ಸಾಯುವುದಿಲ್ಲ, ಆದ್ದರಿಂದ ‘ಕಾಯಿಸಿ ಒಂದೇ ಹನಿ ನೆಕ್ಕಿಸಿ’ ಎನ್ನುವವರ ಮಾತು ಕೇಳಬೇಡಿ.

4 ವರ್ಷದವಳಿಗೆ ಮಲಗುವ ಅರ್ಧ ಗಂಟೆ ಮೊದಲು ಅರ್ಧ ಟೀ ಚಮಚ ಜೇನು ಕೊಡಿ. 2007ರಲ್ಲಿ ಅಮೆರಿಕದಲ್ಲಿ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಇದೇ ಪ್ರಮಾಣ ರಾತ್ರಿಯ ಕೆಮ್ಮು ತಗ್ಗಿಸಿತ್ತು. ನೆಗಡಿ ಮಾತ್ರ ತನ್ನ ಪಾಡಿಗೆ ವಾಸಿಯಾಗಬೇಕು. ದೊಡ್ಡಪತ್ರೆಯ ಎಣ್ಣೆಯಲ್ಲಿರುವ ಕಾರ್ವಕ್ರಾಲ್ ಎಂಬ ಅಂಶ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದು ನಿಜ, ಆದರೆ ನೆಗಡಿ ತರುವುದು ವೈರಸ್.

ಕೂಸಿಗೆ ಎದೆಹಾಲು ಪದೇಪದೇ ಕುಡಿಸಿ. ಹಾಲೂಡಿಸುವ ಮುಂಚೆ ಪ್ರತಿ ಮೂಗಿನ ಹೊಳ್ಳೆಗೆ ಮೆಡಿಕಲ್ ಶಾಪಿನ ಸಲೈನ್ ಡ್ರಾಪ್ಸ್ 2 ಹನಿ ಬಿಟ್ಟು, ಸಿಂಬಳ ಸಡಿಲಾದ ಮೇಲೆ ಒರೆಸಿ. ಕರ್ಪೂರ ಹಚ್ಚುವುದು, ಬಟ್ಟೆಯಲ್ಲಿ ಕಟ್ಟಿ ಮೂಸಿಸುವುದು ಬೇಡ. ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಬಿಸಿನೀರಿನ ಹಬೆಯಿಂದ ಮಕ್ಕಳು ಸುಟ್ಟುಕೊಳ್ಳುವುದೇ ಹೆಚ್ಚು.

ಅಳದೆ ಮಲಗಿರುವಾಗ ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 50 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ಹಾಲು ಬಿಟ್ಟರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ.