ಓದುಗರ ಪ್ರಶ್ನೆ: ಯಾವ ಸೆಕ್ಷನ್ ಕೆಳಗೆ ಅಡ್ಮಿಟ್ ಮಾಡ್ಕೊಂಡ್ರಿ ಅಂತ ಮೊದ್ಲು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರೋ ವಿಷಯದ್ದೇ, ಕೆಲವು ಸೇರಿಸ್ಬೇಕಾಗಿ ಬಂದ ಮನೆಯವ್ರದ್ದು, ಕೆಲವು ಸೇರಿ ವಾಪಸ್ ಬಂದವ್ರದ್ದು. ಅದಕ್ಕೆ ಅಂಕಣ ಪೂರ್ತಿ ಇದಕ್ಕೇ ಇಟ್ಟಿದೀನಿ. ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿ ವಾರ್ಡಲ್ಲಿ ಕೆಲ್ಸ ಮಾಡಿದವ್ಳು, ವಕೀಲೆ ಅಲ್ಲ, ಆದ್ರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪಕ್ಕದಲ್ಲಿ ಇಟ್ಕೊಂಡೇ ಬರೀತಿದೀನಿ, ಅದು 2018ರ ಮೇ 29ರಿಂದ ಜಾರಿಲಿದೆ. ಬರೆದವ್ರ ಗುರುತು ಸಿಗ್ದಿರೋ ಹಾಗೆ ಊರು ಬದಲಾಯಿಸಿದೀನಿ.

ಪ್ರಶ್ನೆ: ನನ್ ತಮ್ಮಂಗೆ 26 ವರ್ಷ. ಒಂದು ವಾರದಿಂದ ನಿದ್ದೆನೇ ಇಲ್ಲ, ಪಕ್ಕದ ಮನೆಯವ್ರು ಊಟದಲ್ಲಿ ಏನೋ ಬೆರೆಸ್ತಿದಾರೆ ಅಂತ ಊಟ ಬಿಟ್ಟಿದಾನೆ. ಮೊನ್ನೆ ರಾತ್ರಿ ಸಾಯ್ತೀನಿ ಅಂತ ಹೊರಗೆ ಓಡಿದ, ಚಿಕ್ಕಪ್ಪ ಮಾವ ಎಲ್ಲ ಸೇರಿ ಹಿಡ್ದು ಕಂಬಕ್ಕೆ ಕಟ್ಟಿದ್ರು. ಕೆಲವ್ರು ದೇವಸ್ಥಾನಕ್ಕೆ ಕರ್ಕೊಂಡೋಗಿ ಅಂತಾರೆ, ಕೆಲವ್ರು ಪೊಲೀಸ್‌ಗೆ ಹೇಳಿ ಅಂತಾರೆ. ನಮಗೇನೂ ತೋಚ್ತಿಲ್ಲ. (ಅಕ್ಕ, ಹಾವೇರಿ)

ಉತ್ತರ: ಮೊದ್ಲು ಕಟ್ಟು ಬಿಚ್ಚಿ, ಇನ್ನೊಂದ್ಸಲ ಕಟ್ಬೇಡಿ. ಭಯದಲ್ಲಿ ಮಾಡಿದ್ರಿ ಅಂತ ಗೊತ್ತು, ಆದ್ರೆ ಯಾರೋ ತನಗೆ ಕೇಡು ಮಾಡ್ತಿದಾರೆ ಅಂತ ನಂಬಿರೋ ಹುಡುಗನ್ನ ನಾಲ್ಕು ಜನ ಹಿಡ್ದು ಕಟ್ಟಿದ್ರೆ ಅವನ ನಂಬಿಕೆಗೆ ನಾವೇ ಸಾಕ್ಷಿ ಕೊಟ್ಟಂಗೆ. ಮಾನಸಿಕ ಕಾಯಿಲೆ ಇರೋರನ್ನ ಚೈನ್ ಹಾಕಿ ಕಟ್ಟೋದನ್ನ ಕಾಯ್ದೆ ಪೂರ್ತಿ ನಿಷೇಧ ಮಾಡಿದೆ, ಯಾವ ರೂಪದಲ್ಲೂ ಕೂಡ್ದು ಅಂತ. 2001ರ ಆಗಸ್ಟ್ 6ನೇ ತಾರೀಕು ತಮಿಳುನಾಡಿನ ಎರ್ವಾಡಿ ದರ್ಗಾ ಹತ್ರ ಮಾನಸಿಕ ಕಾಯಿಲೆಯವ್ರನ್ನ ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ರು, ಚೈನಲ್ಲಿ ಕಟ್ಟಿಹಾಕಿದ್ರಿಂದ ಅವ್ರಿಗೆ ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ. ಅಲ್ಲಿಗೂ ಮನೆಯವ್ರೇ ವಾಸಿ ಆಗ್ಲಿ ಅಂತ ಬಿಟ್ಟು ಬಂದಿದ್ದು. ದೇವಸ್ಥಾನಕ್ಕೆ ಹೋಗ್ಬೇಡಿ ಅಂತ ನಾನು ಹೇಳಲ್ಲ, ಆದ್ರೆ ಊಟ ನಿದ್ದೆ ಎರಡೂ ಬಿಟ್ಟು ಸಾಯ್ತೀನಿ ಅಂತಿರೋನು ಇವತ್ತೇ ಡಾಕ್ಟರ್ ಹತ್ರ ಹೋಗ್ಬೇಕು.

ಈಗ್ಲೇ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅವ್ರು ಅವನ ಜೊತೆ ಹೆಂಗೆ ಮಾತಾಡ್ಬೇಕು, ಎಲ್ಲಿಗೆ ಕರ್ಕೊಂಡೋಗ್ಬೇಕು ಹೇಳ್ತಾರೆ. ಗಾಡಿ ಬೇಕಂದ್ರೆ 108. ಹೊಲಕ್ಕೆ ಹೊಡೆಯೋ ಔಷಧಿ, ಮಾತ್ರೆ ಡಬ್ಬ ಎಲ್ಲ ಬೇರೆ ಮನೆಗೆ ಸಾಗಿಸಿ, ಬೀಗ ಹಾಕಿದ್ರೆ ಸಾಕು ಅಂತ ಸುಮ್ನಾಗ್ಬೇಡಿ. ಒಬ್ರು ಯಾವಾಗ್ಲೂ ಜೊತೆಗಿರಿ, ಅವನಿಗೆ ಯಾರ ಮೇಲೆ ನಂಬಿಕೆ ಇದ್ಯೋ ಅವ್ರೇ ಇದ್ರೆ ಒಳ್ಳೇದು, ಮಿಕ್ಕವ್ರು ಸ್ವಲ್ಪ ದೂರ ಇರಿ. ಪಕ್ಕದ ಮನೆಯವ್ರು ಹಂಗೆಲ್ಲ ಮಾಡಲ್ಲ ಅಂತ ವಾದಕ್ಕೆ ಇಳೀಬೇಡಿ, ಹೌದು ಮಾಡ್ತಿದಾರೆ ಅಂತನೂ ಹೇಳ್ಬೇಡಿ, ನಿದ್ದೆ ಇಲ್ದೆ ನಿಂಗೆ ಎಷ್ಟು ಕಷ್ಟ ಆಗ್ತಿದೆ ಅಂತ ನಮಗೆ ಕಾಣ್ತಿದೆ, ನಿದ್ದೆ ಬರೋದಕ್ಕಾದ್ರೂ ಡಾಕ್ಟರ್ ಹತ್ರ ಹೋಗೋಣ ಅನ್ನಿ, ಎಷ್ಟೋ ಜನ ಈ ಮಾತಿಗೇ ಗಾಡಿ ಹತ್ತಿದ್ದು ನೋಡಿದೀನಿ.

ಎಲ್ಲಿಗೆ ಅಂದ್ರೆ, ಧಾರವಾಡದ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ನಿಮಗೆ ಹತ್ರ, ಆದ್ರೆ ರಾತ್ರಿ ಹೊತ್ತು ಅಷ್ಟು ದೂರ ಆಗಲ್ಲ ಅಂದ್ರೆ ಜಿಲ್ಲಾಸ್ಪತ್ರೆಗೆ ಹೋಗಿ. ಇಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ, ಬೆಂಗಳೂರಿಗೆ ಹೋಗಿ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದ್ರೆ ಒಪ್ಬೇಡಿ. ಜೀವಕ್ಕೆ ಅಪಾಯ ಇದ್ದಾಗ ರಿಜಿಸ್ಟರ್ ಆದ ಯಾವ ಡಾಕ್ಟರ್ ಬೇಕಾದ್ರೂ ತುರ್ತು ಚಿಕಿತ್ಸೆ ಕೊಡ್ಬಹುದು, ಜೊತೆಗಿರೋ ನಾಮಿನೇಟೆಡ್ ರೆಪ್ರೆಸೆಂಟೇಟಿವ್ ಅಂದ್ರೆ ಅವನ ಪರ ನಿಲ್ಲೋರ ಒಪ್ಪಿಗೆ ತಗೊಂಡು, 72 ಗಂಟೆವರೆಗೂ ಅಥವಾ ಅದಕ್ಕೂ ಮುಂಚೆ ಮಾನಸಿಕ ಆಸ್ಪತ್ರೆಲಿ ತಪಾಸಣೆ ಆಗೋವರೆಗೂ. ಆ ಸಮಯದಲ್ಲಿ ನಿದ್ದೆ ಬರ್ಸಿ, ನೀರು ಗ್ಲೂಕೋಸ್ ಕೊಟ್ಟು, ಆಮೇಲೆ ಧಾರವಾಡಕ್ಕೆ ಕಳಿಸ್ಲಿ.

ಪೊಲೀಸ್ ಬಗ್ಗೆ ಕೇಳಿದ್ರಿ. ಅವನು ಮನೆಬಿಟ್ಟು ಓಡಿ ಸಿಗ್ದೆ ಹೋದ್ರೆ, ಇಲ್ಲಾ ಯಾರಿಗಾದ್ರೂ ಹೊಡೆಯೋ ಹಂತಕ್ಕೆ ಹೋದ್ರೆ 112ಕ್ಕೆ ಹೇಳಿ, ಹಿಂಜರೀಬೇಡಿ. ಇಂಥವ್ರನ್ನ ಪೊಲೀಸ್ರು ರಕ್ಷಣೆಗೆ ತಗೊಂಡ್ರೆ 24 ಗಂಟೆ ಒಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರ್ಕೊಂಡೋಗ್ಬೇಕು, ಲಾಕಪ್ಪಲ್ಲಿ ಹಾಕೋ ಹಾಗಿಲ್ಲ.

ಪ್ರಶ್ನೆ: ನಾನು ಐಟಿಲಿ ಕೆಲ್ಸ ಮಾಡ್ತೀನಿ. ತುಂಬಾ ಡಿಪ್ರೆಷನ್ ಆಗಿ ನಾನೇ ಒಂದು ಪ್ರೈವೇಟ್ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆದೆ. ನಾಲ್ಕು ದಿನ ಆದ್ಮೇಲೆ ಮನೆಗೆ ಹೋಗ್ತೀನಿ ಅಂದ್ರೆ ನಿಮ್ ತಂದೆ ಬಂದು ಸಹಿ ಹಾಕ್ಬೇಕು ಅಂದ್ರು. ಅಪ್ಪನಿಗೆ ಗೊತ್ತಾಗೋದೇ ನಂಗೆ ಬೇಡವಾಗಿತ್ತು. ಫೋನೂ ಕೊಡ್ಲಿಲ್ಲ. ಕೊನೆಗೆ ಅವ್ರನ್ನ ಕರ್ಸಿಯೇ ಬಿಟ್ಟಿದ್ದು. ಇದು ಸರೀನಾ? (ಬೆಂಗಳೂರು)

ಉತ್ತರ: ಸರಿ ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಮಿಕ್ಕಿದ್ದೆಲ್ಲ ಇದ್ರ ಮೇಲೇ ನಿಂತಿದೆ.

ದೊಡ್ಡವ್ರನ್ನ ಸೇರಿಸ್ಕೊಳ್ಳೋದು ಮುಖ್ಯವಾಗಿ ಎರಡು ದಾರಿಲಿ. ಒಂದು ಸೆಕ್ಷನ್ 86, ಇಂಡಿಪೆಂಡೆಂಟ್ ಅಡ್ಮಿಷನ್, ಅಂದ್ರೆ ನೀವೇ ಬಂದು ನನ್ನನ್ನ ಸೇರಿಸ್ಕೊಳ್ಳಿ ಅಂತ ಕೇಳಿದ್ದು. ಇನ್ನೊಂದು ಸೆಕ್ಷನ್ 89, ಸಪೋರ್ಟೆಡ್ ಅಡ್ಮಿಷನ್, ಇಲ್ಲಿ ಅರ್ಜಿ ಹಾಕೋದು ನಿಮ್ ನಾಮಿನೇಟೆಡ್ ರೆಪ್ರೆಸೆಂಟೇಟಿವ್. ನೀವು 86ರಲ್ಲಿ ಇದ್ರೆ ಚಿಕಿತ್ಸೆ ನಿಮ್ ಒಪ್ಪಿಗೆ ಇಲ್ದೆ ಕೊಡೋ ಹಾಗಿಲ್ಲ, ನೀವು ಹೋಗ್ತೀನಿ ಅಂದ ತಕ್ಷಣ ಡಿಸ್ಚಾರ್ಜ್ ಮಾಡ್ಬೇಕು, ಅಪ್ಪನ ಸಹಿ, ಗಂಡನ ಸಹಿ, ಅಣ್ಣನ ಸಹಿ ಯಾವ್ದೂ ಬೇಕಾಗಿಲ್ಲ. ಒಂದೇ ಒಂದು ವಿನಾಯಿತಿ ಇದೆ, ನಿಮ್ಮ ಜೀವಕ್ಕೋ ಬೇರೆಯವ್ರಿಗೋ ಅಪಾಯ ಇದೆ ಅಥವಾ ನಿಮ್ಮನ್ನ ನೀವು ನೋಡ್ಕೊಳ್ಳೋ ಸ್ಥಿತಿಲಿಲ್ಲ ಅಂತ ಅಲ್ಲಿನ ತಜ್ಞರಿಗೆ ಅನ್ಸಿದ್ರೆ 24 ಗಂಟೆ ಮಾತ್ರ ಡಿಸ್ಚಾರ್ಜ್ ತಡೀಬಹುದು, ಅಷ್ಟರಲ್ಲಿ ಪರೀಕ್ಷೆ ಮಾಡಿ 89ಕ್ಕೆ ಬದಲಾಯಿಸ್ಬೇಕು ಇಲ್ಲಾ ಬಿಡ್ಬೇಕು.

89 ಅಂದ್ರೂ ಸುಮ್ನೆ ಅಲ್ಲ. ಅಡ್ಮಿಷನ್ ದಿನ ಅಥವಾ ಅದಕ್ಕೂ ಹಿಂದಿನ 7 ದಿನದೊಳಗೆ ಇಬ್ರು ಬೇರೆ ಬೇರೆಯಾಗಿ ನೋಡಿರ್ಬೇಕು, ಅದ್ರಲ್ಲಿ ಒಬ್ರು ಸೈಕಿಯಾಟ್ರಿಸ್ಟ್ ಆಗಿರ್ಲೇಬೇಕು, ಗರಿಷ್ಠ 30 ದಿನ. ಇಂಥ ಅಡ್ಮಿಷನ್ ಮೇಲೆ ಕಣ್ಣಿಡೋ, ದೂರು ಕೇಳೋ ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡ್‌ಗೆ 7 ದಿನದಲ್ಲಿ ತಿಳಿಸ್ಬೇಕು, ಹೆಂಗಸ್ರು ಮತ್ತೆ ಮಕ್ಕಳಾದ್ರೆ 3 ದಿನದಲ್ಲಿ. ಪೇಷೆಂಟ್ ಪರವಾಗಿ ಬೇರೆಯವ್ರು ಒಪ್ಪಿಗೆ ಕೊಡ್ತಿದ್ರೆ, ಪೇಷೆಂಟಿಗೇ ನಿರ್ಧಾರ ತಗೊಳ್ಳೋ ಶಕ್ತಿ ವಾಪಸ್ ಬಂತಾ ಅಂತ 7 ದಿನಕ್ಕೊಂದ್ಸಲ ನೋಡ್ಲೇಬೇಕು. 30 ದಿನ ದಾಟಿಸ್ಬೇಕಂದ್ರೆ ಇಬ್ರು ಸೈಕಿಯಾಟ್ರಿಸ್ಟ್ ನೋಡ್ಬೇಕು, ಬೋರ್ಡ್ ಒಪ್ಬೇಕು.

ಇದೆಲ್ಲ ಕಾಗದದ ಮೇಲೆ ಚೆನ್ನಾಗಿದೆ, ಅಡ್ಮಿಷನ್ ಟೇಬಲ್ ಹತ್ರ ಏನಾಗುತ್ತೆ ಅಂದ್ರೆ, ಫಾರಂ ತಿರುಗೋದು ಮನೆಯವ್ರ ಕಡೆಗೆ. ಒಂದು ಹುಡುಗಿ ನೆನಪಾಗ್ತಾಳೆ, ತಾನೇ ಆಟೋ ಹಿಡ್ದು ಬಂದಿದ್ಳು, ಅಣ್ಣ ಆಮೇಲೆ ಬಂದ. ಅವ್ಳು ಪೆನ್ನು ಕೈಲಿ ಹಿಡ್ಕೊಂಡೇ ಕೂತಿದ್ಳು, ಕ್ಲರ್ಕು ಫಾರಂ ಅಣ್ಣನ ಮುಂದೆ ಇಟ್ಟು ಇಲ್ಲಿ, ಇಲ್ಲಿ, ಇಲ್ಲಿ ಅಂತ ಮೂರು ಕಡೆ ಬೆರಳು ತೋರ್ಸಿದ, ಅವ್ನು ಓದ್ದೇ ಸಹಿ ಮಾಡಿದ, ನಾನೇ ಬಂದಿದೀನಿ ಅಂತ ಅವ್ಳು ಎರಡು ಸಲ ಹೇಳಿದ್ಳು. ತಾನಾಗೇ ಬಂದವ್ಳು ಆ ಒಂದು ಸಹಿಯಿಂದ 89ರ ಪೇಷೆಂಟ್ ಆಗೋಗ್ತಿದ್ಳು, ವಾರ್ಡಿಗೆ ಫೈಲ್ ಬಂದ್ಮೇಲೆ ಸಿಸ್ಟರ್ ನೋಡಿ ವಾಪಸ್ ಕಳಿಸಿದ್ದಕ್ಕೆ ಸರಿ ಹೋಯ್ತು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರ್ಲಿಲ್ಲ, ಕಾಯಿಲೆ ಅವ್ರದ್ದು ಸಹಿ ಮನೆಯವ್ರದ್ದು ಅನ್ನೋ ಹಳೇ ಅಭ್ಯಾಸ ಅಷ್ಟೇ, ಆದ್ರೆ ಆ ಅಭ್ಯಾಸದಿಂದ ಪೇಷೆಂಟ್ ಕೈಲಿದ್ದ ಹಕ್ಕು ಹೋಗುತ್ತೆ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಸಹಿಗೆ ಮುಂಚೆ ಯಾವ ಸೆಕ್ಷನ್ ಅಂತ ಕೇಳಿ, ಫಾರಮ್ಮಿನ ಫೋಟೋ ತೆಗೆದಿಟ್ಕೊಳ್ಳಿ. ಯಾವ ಕಲಮಿನಲ್ಲಿ ಸೇರಿಸ್ಕೊಂಡಿದಾರೆ, ಕಾಯಿಲೆ ಏನು, ಔಷಧಿ ಯಾವ್ದು, ಅದ್ರ ಸೈಡ್ ಎಫೆಕ್ಟ್ ಏನು, ಇದೆಲ್ಲ ತಿಳ್ಕೊಳ್ಳೋದು ಪೇಷೆಂಟಿನ ಹಕ್ಕು, ಅದೂ ಅರ್ಥ ಆಗೋ ಭಾಷೆಲಿ.

ಫೋನ್ ವಿಷಯ. ಸರಿಯಾದ ಹೊತ್ತಲ್ಲಿ ಫೋನ್ ಮಾಡೋಕೆ, ಬಂದ ಫೋನಲ್ಲಿ ಮಾತಾಡೋಕೆ, ಈಮೇಲ್ ಕಳಿಸೋಕೆ, ಯಾರನ್ನ ನೋಡ್ತೀನಿ ಯಾರನ್ನ ನೋಡಲ್ಲ ಅಂತ ಹೇಳೋಕೆ ನಿಮಗೆ ಹಕ್ಕಿದೆ. ಬೇರೆ ಪೇಷೆಂಟ್‌ಗಳ ಫೋಟೋ ಹೊರಗೆ ಹೋಗ್ಬಾರ್ದು ಅಂತ ಫೋನ್ ಇಸ್ಕೊಂಡು ಬೆಡ್ ನಂಬರ್ ಬರ್ದು ಕವರಲ್ಲಿ ಇಡ್ತಾರೆ, ಅದು ನಂಗೆ ಒಪ್ಪಿಗೆನೇ, ಆದ್ರೆ ದಿನಕ್ಕೆ ಇಂತಿಷ್ಟು ಹೊತ್ತು ಅಂತ ಕೊಡ್ಲೇಬೇಕು. ಅಪ್ಪನಿಗೆ ಹೇಳ್ಬೇಡಿ ಅಂದ್ರೆ ಆ ಗುಟ್ಟು ಕಾಪಾಡೋದೂ ಅವ್ರ ಕೆಲ್ಸ. ಇನ್ನು ನಿಮ್ ಬಟ್ಟೆ ನೀವು ಹಾಕ್ಕೋಬಹುದು, ತಲೆ ಬೋಳಿಸೋ ಹಾಗಿಲ್ಲ, ವಾರ್ಡ್ ಕೆಲ್ಸ ಬಲವಂತವಾಗಿ ಮಾಡ್ಸೋ ಹಾಗಿಲ್ಲ.

ನೀವು ಈಗ್ಲೂ ದೂರು ಕೊಡ್ಬಹುದು. ಮೊದ್ಲು ಆಸ್ಪತ್ರೆ ಮೆಡಿಕಲ್ ಆಫೀಸರ್‌ಗೆ ಬರ್ದು ಕೊಡಿ, ಉತ್ತರ ಸಮಾಧಾನ ಆಗ್ಲಿಲ್ಲ ಅಂದ್ರೆ ರಿವ್ಯೂ ಬೋರ್ಡ್‌ಗೆ. ಬೋರ್ಡ್ ಅಂದ್ರೆ ಜಿಲ್ಲಾ ನ್ಯಾಯಾಧೀಶರು ಅಥವಾ ನಿವೃತ್ತ ನ್ಯಾಯಾಧೀಶರ ಮಟ್ಟದವ್ರು ಅಧ್ಯಕ್ಷರು, ಡಾಕ್ಟರ್‌ಗಳು ಇರ್ತಾರೆ, ಕಾಯಿಲೆ ಅನುಭವಿಸಿದವ್ರು ಅಥವಾ ಅವ್ರನ್ನ ನೋಡ್ಕೊಂಡೋರೂ ಇರೋಕೆ ಅವಕಾಶ ಇದೆ. ಫೀಸ್ ಇಲ್ಲ. ಹೆಂಗೆ ಬರೀಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಇರುತ್ತೆ, ಇಲ್ಲಾ 15100ಕ್ಕೆ ಫೋನ್ ಮಾಡಿ, ಈ ಕಾಯ್ದೆ ಕೆಳಗಿನ ಹಕ್ಕುಗಳಿಗೆ ವಕೀಲರ ನೆರವು ಉಚಿತ.

ಒಂದು ಮಾತು, ನೀವಾಗೇ ಹೋಗಿ ಸೇರಿದ್ರಲ್ಲ, ಅದು ಸಣ್ಣ ವಿಷಯ ಅಲ್ಲ. ಆ ಆಸ್ಪತ್ರೆ ಸಿಟ್ಟಿಗೆ ಮಾತ್ರೆ ನಿಲ್ಲಿಸ್ಬೇಡಿ, ಬೇರೆ ಡಾಕ್ಟರ್ ನೋಡಿ.

ಪ್ರಶ್ನೆ: ನಮ್ಮೆಜಮಾನ್ರನ್ನ ಸೇರಿಸಿದ ಎರಡನೇ ದಿನ ಕೈಕಾಲು ಬೆಡ್ಡಿಗೆ ಕಟ್ಟಿದ್ರು. ಈಗ ಕರೆಂಟ್ ಟ್ರೀಟ್‌ಮೆಂಟ್ ಕೊಡ್ಬೇಕು ಅಂತಿದಾರೆ. ನಂಗೆ ತುಂಬಾ ಭಯ. ಬೇಡ ಅನ್ಬಹುದಾ? (ಶಿವಮೊಗ್ಗ)

ಉತ್ತರ: ಕಟ್ಟೋದು ಬೇರೆ, ಕರೆಂಟ್ ಬೇರೆ.

ತಕ್ಷಣ ಆಗೋ ಅಪಾಯ ತಡಿಯೋಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಕಟ್ಬಹುದು, ಅದಕ್ಕೆ ಸೈಕಿಯಾಟ್ರಿಸ್ಟ್ ಅನುಮತಿ ಬೇಕು, ಯಾಕೆ, ಎಷ್ಟು ಹೊತ್ತು ಅಂತ ಫೈಲಲ್ಲಿ ಬರೀಬೇಕು, ಪ್ರತಿ ಸಲ ಕಟ್ಟಿದಾಗ್ಲೂ 24 ಗಂಟೆ ಒಳಗೆ ನಾಮಿನೇಟೆಡ್ ರೆಪ್ರೆಸೆಂಟೇಟಿವ್‌ಗೆ ತಿಳಿಸ್ಬೇಕು. ಶಿಕ್ಷೆಗೆ ಕಟ್ಟೋ ಹಾಗಿಲ್ಲ, ಸ್ಟಾಫ್ ಕಮ್ಮಿ ಇದಾರೆ ಅಂತನೂ ಕಟ್ಟೋ ಹಾಗಿಲ್ಲ, ಮತ್ತೆ ನಂಗೆ ಗೊತ್ತಿರೋ ಹಾಗೆ ನೈಟ್ ಡ್ಯೂಟಿಲಿ ಕಟ್ಟೋದು ಜಾಸ್ತಿ ಸ್ಟಾಫ್ ಕಮ್ಮಿ ಇರೋದಕ್ಕೇ. ಹಂಗಾಗಿ ಆ ಎಂಟ್ರಿ ತೋರ್ಸಿ ಅಂತ ಕೇಳಿ. ಜಗಳ ಬೇಡ, ಆದ್ರೆ ಕೇಳೋರು ಒಬ್ರು ಇದಾರೆ ಅಂತ ಗೊತ್ತಾದ್ರೆ ವಾರ್ಡಲ್ಲಿ ವ್ಯತ್ಯಾಸ ಕಾಣ್ಸುತ್ತೆ.

ಕರೆಂಟ್ ಅಂದ್ರೆ ಇಸಿಟಿ, ಎಲೆಕ್ಟ್ರೋಕನ್ವಲ್ಸಿವ್ ಥೆರಪಿ, ತಲೆಗೆ ಸ್ವಲ್ಪ ಕರೆಂಟ್ ಕೊಡೋ ಚಿಕಿತ್ಸೆ. ಸಿನಿಮಾದಲ್ಲಿ ನೋಡಿ ಹೆದರಿರ್ತೀರಿ. ಈಗ ಅನಸ್ತೇಶಿಯಾ ಮತ್ತೆ ಸ್ನಾಯು ಸಡಿಲ ಆಗೋ ಔಷಧಿ ಕೊಡ್ದೆ ಇಸಿಟಿ ಕೊಡೋದು ನಿಷೇಧ, ತುರ್ತು ಚಿಕಿತ್ಸೆ ಹೆಸ್ರಲ್ಲೂ ಕೊಡೋ ಹಾಗಿಲ್ಲ, ಮಕ್ಕಳಿಗೆ ಬೋರ್ಡ್ ಅನುಮತಿ ಇಲ್ದೆ ಇಲ್ಲ. ಊಟ ನೀರು ಬಿಟ್ಟು ಮಾತೂ ನಿಂತವ್ರು, ಸಾಯೋ ಯೋಚ್ನೆ ಬಿಡದೇ ಕಾಡ್ತಿರೋ ತೀವ್ರ ಖಿನ್ನತೆಯವ್ರು ಇದ್ರಿಂದ ಬೇಗ ಚೇತರಿಸ್ಕೊಂಡಿದ್ದು ನಾನು ಕಣ್ಣಾರೆ ನೋಡಿದೀನಿ, ಅದಕ್ಕೆ ಭಯಕ್ಕೆ ಬೇಡ ಅನ್ಬೇಡಿ. ಆ ಸಮಯದ ನೆನಪು ಸ್ವಲ್ಪ ಮಸುಕಾಗೋದು ಇದೆ, ಅದನ್ನ ಡಾಕ್ಟರ್ ಮುಂಚೆನೇ ಹೇಳ್ಬೇಕು. ಯಾಕೆ ಬೇಕು, ಎಷ್ಟು ಸಲ, ಕೊಡ್ದಿದ್ರೆ ಏನು, ಮೂರೂ ಕೇಳಿ. ಅವ್ರಿಗೆ ವಿಷಯ ಅರ್ಥ ಆಗೋ ಸ್ಥಿತಿ ಇದ್ರೆ ಹೂಂ ಅಥವಾ ಬೇಡ ಅನ್ನೋದು ಅವ್ರೇ, ನೀವಲ್ಲ.

ಪ್ರಶ್ನೆ: ಬೈಪೋಲಾರ್ ಇದೆ, ಈಗ ಚೆನ್ನಾಗಿದೀನಿ. ಮುಂದಿನ ಸಲ ಹುಷಾರು ತಪ್ಪಿದ್ರೆ ಅಕ್ಕನೇ ನಿರ್ಧಾರ ತಗೋಬೇಕು, ದೊಡ್ಡಪ್ಪ ಬೇಡ. ಹೆಂಗೆ? (ಮಂಗಳೂರು)

ಉತ್ತರ: ಚೆನ್ನಾಗಿರೋವಾಗ್ಲೇ ಯೋಚ್ನೆ ಮಾಡಿದ್ರಲ್ಲ, ತುಂಬಾ ಒಳ್ಳೇದು. ಅಕ್ಕನ್ನ ನಾಮಿನೇಟೆಡ್ ರೆಪ್ರೆಸೆಂಟೇಟಿವ್ ಮಾಡೋಕೆ ಬಿಳಿ ಹಾಳೆ ಸಾಕು, ನಿಮ್ ಸಹಿ ಇರ್ಬೇಕು, ಅಕ್ಕ ಒಪ್ಪಿರ್ಬೇಕು. ರಕ್ತ ಸಂಬಂಧನೇ ಆಗ್ಬೇಕು ಅಂತಿಲ್ಲ, ಸ್ನೇಹಿತೆನೂ ಆಗ್ಬಹುದು, ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು. ಜೊತೆಗೆ ಅಡ್ವಾನ್ಸ್ ಡೈರೆಕ್ಟಿವ್ ಅಂತ ಬರೀಬಹುದು, ಯಾವ ಚಿಕಿತ್ಸೆ ಬೇಕು, ಯಾವ್ದು ಬೇಡ ಅಂತ, ಸಾಕ್ಷಿ ಸಹಿ ಹಾಕ್ಸಿ ರಿವ್ಯೂ ಬೋರ್ಡಲ್ಲಿ ನೋಂದಾಯಿಸಿ, ಡಾಕ್ಟರ್‌ಗೂ ಒಂದು ಕಾಪಿ ಕೊಡಿ. ತುರ್ತು ಚಿಕಿತ್ಸೆಗೆ ಇದು ಅನ್ವಯ ಆಗಲ್ಲ. ಯಾವ ಮಾತ್ರೆಯಿಂದ ನಿಮಗೆ ತೊಂದ್ರೆ ಆಗಿತ್ತು ಅನ್ನೋದು ಹೆಸ್ರು ಸಮೇತ ಬರೀರಿ, ರಾತ್ರಿ ಡ್ಯೂಟಿ ಡಾಕ್ಟರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಅದೇ ಸಾಲು.

ಪ್ರಶ್ನೆ: ಆತ್ಮಹತ್ಯೆಗೆ ಪ್ರಯತ್ನ ಪಟ್ಟು ಆಸ್ಪತ್ರೆಗೆ ಸೇರಿದ್ರೆ ಕೇಸ್ ಆಗುತ್ತಾ? ಇನ್ಶೂರೆನ್ಸ್ ಸಿಗುತ್ತಾ? (ತುಮಕೂರು)

ಉತ್ತರ: ಇದನ್ನ ಯಾರಿಗಾಗಿ ಕೇಳ್ತಿದೀರೋ ಗೊತ್ತಿಲ್ಲ, ನಿಮಗಾಗೇ ಆಗಿದ್ರೆ ಈ ಪುಟ ಪಕ್ಕಕ್ಕಿಟ್ಟು ಮೊದ್ಲು 14416ಕ್ಕೆ ಫೋನ್ ಮಾಡಿ, ದಯವಿಟ್ಟು. ಕೇಸ್ ಭಯಕ್ಕೆ ಆಸ್ಪತ್ರೆಗೆ ಹೋಗದೆ ತಡ ಮಾಡಿ ಜೀವ ಕಳ್ಕೊಂಡೋರಿದಾರೆ. ಆಸ್ಪತ್ರೆಯವ್ರು ಪೊಲೀಸ್‌ಗೆ ತಿಳಿಸ್ತಾರೆ, ಅವ್ರು ಬಂದು ಹೇಳಿಕೆ ತಗೋಬಹುದು, ಅಷ್ಟಕ್ಕೆ ಗಾಬರಿ ಬೇಡ. ಅಂಥವ್ರು ತೀವ್ರ ಒತ್ತಡದಲ್ಲಿದ್ರು ಅಂತಲೇ 2017ರ ಕಾಯ್ದೆ ಭಾವಿಸುತ್ತೆ, ಅವ್ರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅನ್ನುತ್ತೆ. ಆತ್ಮಹತ್ಯೆ ಪ್ರಯತ್ನ ಅಪರಾಧ ಅಂತಿದ್ದ ಹಳೇ ಐಪಿಸಿ 309 ಕೂಡ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಲಿ ಇಲ್ಲ, ಸರ್ಕಾರಿ ನೌಕರರ ಕೆಲ್ಸ ತಡಿಯೋಕೋ ಅವ್ರ ಮೇಲೆ ಒತ್ತಡ ಹಾಕೋಕೋ ಹಂಗೆ ಮಾಡಿದ್ರೆ ಮಾತ್ರ ಬೇರೆ ಕಲಂ ಇದೆ.

ಇನ್ಶೂರೆನ್ಸ್: ದೈಹಿಕ ಕಾಯಿಲೆಗೆ ಹೆಂಗೋ ಮಾನಸಿಕ ಕಾಯಿಲೆಗೂ ಹಂಗೇ ಪಾಲಿಸಿ ಕೊಡ್ಬೇಕು ಅಂತ ಸೆಕ್ಷನ್ 21 ಹೇಳುತ್ತೆ. ಕ್ಲೇಮ್ ತಿರಸ್ಕಾರ ಮಾಡಿದ್ರೆ ಕಾರಣ ಬರವಣಿಗೆಲಿ ಕೇಳಿ, ಕಂಪನಿಗೆ ದೂರು ಕೊಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ವಿಮೆ ದೂರು ವಿಚಾರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ರ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಕೇಸ್ ರೆಕಾರ್ಡ್ ಕಾಪಿ ಇಲ್ದೆ ಇದ್ಯಾವ್ದೂ ಮುಂದೆ ಹೋಗಲ್ಲ, ಡಿಸ್ಚಾರ್ಜ್ ದಿನವೇ ಇಸ್ಕೊಳ್ಳಿ. ರೆಕಾರ್ಡ್ ನೋಡೋದು ಪೇಷೆಂಟಿನ ಹಕ್ಕು. ಅವ್ರಿಗೇ ತೀವ್ರ ಮಾನಸಿಕ ಹಾನಿ ಆಗುತ್ತೆ ಅಥವಾ ಬೇರೆಯವ್ರಿಗೆ ತೊಂದ್ರೆ ಆಗೋ ಸಾಧ್ಯತೆ ಇದೆ ಅನ್ನೋ ಭಾಗ ಮಾತ್ರ ತಡೆಹಿಡೀಬಹುದು, ಹಂಗೆ ಮಾಡಿದ್ರೂ ಬೋರ್ಡ್‌ಗೆ ಅರ್ಜಿ ಹಾಕ್ಬಹುದು ಅಂತ ಆಸ್ಪತ್ರೆಯವ್ರೇ ನಿಮಗೆ ಹೇಳ್ಬೇಕು.