ಹಳದಿ ಟಾಕುಮಾರ್ ಉಜ್ಜಬೇಡ, ಬಿಸಿಲಿಗೆ ಇಡು

ತಮ್ಮಾ, ಹಳೇ ಕ್ಯಾಮೆರಾ ಲೆನ್ಸಿನ ಹಳದಿಯನ್ನು ಪಾಲಿಶ್ ಪುಡಿ ಹಾಕಿ ಉಜ್ಜಲಾ ಅಂತ ಕೇಳಿದ್ದೀಯಲ್ಲ, ಆ ಪುಡಿ ಮೊದಲು ಕೆಳಗಿಡು. ನೀನು ಹಾಕಿದ ಫೋಟೊದಲ್ಲಿ ಇರೋದು ಕೊಳೆಯಲ್ಲ, ಫಂಗಸ್ಸೂ ಅಲ್ಲ. ಹಿಂದೆ ನಾನೂ ಹೀಗೇ ಒಂದನ್ನು ಉಜ್ಜಿ ಕೆಡಿಸಿದ್ದೆ, ಅದಕ್ಕೇ ಹೇಳ್ತಿದ್ದೇನೆ.

ನಿನ್ನದು ಪೆಂಟಾಕ್ಸ್ ಕ್ಯಾಮೆರಾದ ಹಳೇ ಲೆನ್ಸ್, ಏಳು ಗಾಜಿನ ಸೂಪರ್ ಟಾಕುಮಾರ್ 50 ಎಂಎಂ 1.4. 1964ರಲ್ಲಿ ಬಂದ ಮೊದಲ ಮಾದರಿಗೆ ಎಂಟು ಗಾಜು. ಆಮೇಲೆ ಒಂದನ್ನು ಬಿಟ್ಟು, ಹಿಂಬದಿಗೆ ಥೋರಿಯಂ ಬೆರೆಸಿದ ಗಾಜು ಹಾಕಿದರು. ಅದು ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಬಣ್ಣ ಚೆದುರಿಸೋದು ಕಡಿಮೆ. ಆದರೆ ಥೋರಿಯಂನ ವಿಕಿರಣಕ್ಕೆ ಗಾಜು ಒಳಗಿನಿಂದಲೇ ಹಳದಿಯಾಗುತ್ತದೆ. ಹೊರಗೆ ಉಜ್ಜಿದರೆ ಹೋಗೋದು ಕೋಟಿಂಗ್ ಅಷ್ಟೇ. ಥೋರಿಯಂ ಗಾಜಿನ ಪುಡಿ ಮೂಗಿಗೆ ಹೋಗೋದಂತೂ ಬೇಡವೇ ಬೇಡ.

ಕೋಟಿಂಗ್ ಅಂದ್ರೆ ಸುಮ್ನೆ ಹೊಳಪಲ್ಲ, ಬೆಳಕು ವಾಪಸ್ ಚಿಮ್ಮದಂತೆ ಗಾಜಿಗೆ ಬಳಿದ ತೆಳು ಪದರ. ನಿನ್ನ ಲೆನ್ಸ್ ಜರ್ಮನಿಯ ಜೈಸ್ ಕಂಪನಿಯ ಪಾಲ್ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲಾನಾರ್ ಲೆನ್ಸಿನ ವಂಶದ್ದು. ಆ ಪ್ಲಾನಾರ್‌ಗೆ ಗಾಳಿ ತಾಗುವ ಗಾಜಿನ ಮೈ ಎಂಟು. ಒಂದೊಂದರಲ್ಲೂ ಶೇ 4-5 ಬೆಳಕು ವಾಪಸ್ ಚಿಮ್ಮಿ ಚಿತ್ರ ಮಬ್ಬಾಗುತ್ತಿತ್ತು. ಆರೇ ಮೈಯ ಟೆಸ್ಸಾರ್ ಲೆನ್ಸ್ 1902ರಲ್ಲಿ ಬಂದು ಅದನ್ನು ಹಿಂದೆ ಹಾಕಿತು. 1935ರಲ್ಲಿ ಜೈಸ್‌ನ ಸ್ಮಕುಲಾ ಕೋಟಿಂಗ್ ಕಂಡುಹಿಡಿದ ಮೇಲೇ ಈ ವಂಶಕ್ಕೆ ಒಳ್ಳೆ ಕಾಲ ಬಂದದ್ದು. ನಿನ್ನದರಲ್ಲಿ ಅಂಥ ಮೈ ಹನ್ನೆರಡು! ಉಜ್ಜು ನೋಡೋಣ.

ಮಾಡಬೇಕಾದ್ದು ಇಷ್ಟು. ಯುವಿ ಫಿಲ್ಟರ್ ತೆಗೆ. ಇಲ್ಲದಿದ್ದರೆ ಕೆಳಗಿನ ಫಾಯಿಲ್‌ನಿಂದ ವಾಪಸ್ ಬರುವ ಯುವಿ ಕಿರಣವನ್ನು ಅದು ತಡೆಯುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಕೆಲಸ ಇನ್ನೂ ನಿಧಾನ. ಅಪರ್ಚರ್ (ಬೆಳಕು ಹೋಗುವ ಕಿಂಡಿ) ಪೂರ್ತಿ ತೆರೆದು, ಹಿಂಬದಿ ಮೇಲೆ ಮಾಡಿ, ಕೆಳಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ ಮಾಳಿಗೆ ಮೇಲೆ ಇಡು. ಬೆಳಗಿನ ಬಿಸಿಲು ಮಾತ್ರ. ನಮ್ಮ ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನಕ್ಕೆ ಬಿಟ್ಟರೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಬ್ಲೇಡಿಗೆ ಇಳಿಯುತ್ತದೆ. ಹತ್ತಿರ ಬಟ್ಟೆ, ಕಾಗದ ಇರಬಾರದು, ಬೆಂಕಿ ಹತ್ತೀತು. ವಾರಗಟ್ಟಲೆ ಹಿಡಿಯುತ್ತದೆ, ದಿನಾ ತೆಗೆದು ನೋಡಬೇಡ. ಕಪ್ಪು-ಬಿಳುಪು ಫಿಲ್ಮ್ ಹಾಕೋದಾದರೆ ಅದೂ ಬೇಡ, ಆ ಹಳದಿಯೇ ಫಿಲ್ಟರ್ ಆಗಿ ಮೋಡ ಚೆನ್ನಾಗಿ ಬರುತ್ತದೆ.

ಇದನ್ನು ಮಾರಿ ಹೆಲಿಯಾಸ್ 44-2 ತಗೋ ಅಂದವರ ಮಾತು ಕೇಳಬೇಡ. ಅದು ಜೈಸ್‌ನ ಬಯೋಟಾರ್ ಲೆನ್ಸಿನ ರಷ್ಯನ್ ನಕಲು, ಸುತ್ತುವ ಹಿನ್ನೆಲೆಗೇ ಈಗ ಇಲ್ಲದ ರೇಟು. ನಿಕಾನ್ ಎಸ್‌ಎಲ್‌ಆರ್‌ಗೆ ಹಾಕೋ ಯೋಚನೆ ಇದ್ರೆ ಬಿಡು. ನಿನ್ನ ಲೆನ್ಸಿನದು ಎಂ42 ಅನ್ನೋ ತಿರುಪಿನ ಮೌಂಟ್. ಲೆನ್ಸ್ ಕೂರುವ ಜಾಗದಿಂದ ಫಿಲ್ಮ್‌ಗೆ ಅದಕ್ಕೆ ಬೇಕಾದ ದೂರ 45.46 ಎಂಎಂ, ನಿಕಾನ್‌ದು 46.5. ಗಾಜಿಲ್ಲದ ಅಡಾಪ್ಟರಿನಲ್ಲಿ ದೂರದ್ದು ಫೋಕಸ್ಸೇ ಆಗಲ್ಲ. ಕ್ಯಾನನ್ ಇಎಫ್ ಆದರೆ ನಡೆಯುತ್ತದೆ.

ಮತ್ತೆ, ಆ ಚರ್ಮದ ಚೀಲ ಬಿಸಾಡು. ಧಾರವಾಡದ ಮಳೆಗಾಲಕ್ಕೆ ಅದರೊಳಗೆ ನಿಜವಾದ ಫಂಗಸ್ ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್ ಸಾಕು.